ತಂತ್ರಾಂಶ ಪರವಾನಗಿ ವೆಚ್ಚ ಮತ್ತು ಪ್ರೋಗ್ರಾಮಿಂಗ್ ವೇದಿಕೆಯ ಆಯ್ಕೆ

ತಂತ್ರಾಂಶ ಪರವಾನಗಿ ವೆಚ್ಚ ಎಂದರೆ ಒಂದು ತಂತ್ರಾಂಶವನ್ನು ಬಳಸಲು, ಅದರ ನೆರವಿನಿಂದ ಹೊಸ ತಂತ್ರಾಂಶವನ್ನು ರಚಿಸಲು ಅಥವಾ ಹಾಗೆ ರಚಿಸಿದ್ದನ್ನು ಇತರರಿಗೆ ವಿತರಿಸಲು ಅದರ ಹಕ್ಕುದಾರರಿಗೆ ತೆರಬೇಕಾದ ಹಣ. ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಯಾವ ಭಾಷೆ, ಯಾವ ಉಪಕರಣ ಮತ್ತು ಯಾವ ಕಾರ್ಯಾಚರಣಾ ವ್ಯವಸ್ಥೆಯನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ನಿರ್ಧರಿಸುವ ಅಂಶಗಳಲ್ಲಿ ಈ ವೆಚ್ಚವೂ ಒಂದು. ಭಾಷೆ, ಕಂಪೈಲರ್, ಲೈಬ್ರರಿಗಳು, ಬರವಣಿಗೆಯ ಉಪಕರಣ ಹಾಗೂ ಅವು ನಡೆಯುವ ವ್ಯವಸ್ಥೆ ಇವೆಲ್ಲವನ್ನೂ ಒಟ್ಟಾಗಿ ‘ಪ್ರೋಗ್ರಾಮಿಂಗ್ ವೇದಿಕೆ’ ಎಂದು ಕರೆಯಲಾಗುತ್ತದೆ.

ಅನುಭವವುಳ್ಳ ಸಂಸ್ಥೆಯೊಂದು ಹಲವು ವರ್ಷಗಳ ಒಟ್ಟು ಖರ್ಚನ್ನು ಲೆಕ್ಕಹಾಕಿ ವೇದಿಕೆಯನ್ನು ಆರಿಸಬಲ್ಲದು. ಹೊಸಬರಿಗೆ ಸಾಮಾನ್ಯವಾಗಿ ಕಾಣುವುದು ಮೊದಲ ದಿನ ಎದುರಾಗುವ ಬೆಲೆ ಮಾತ್ರ. ಒಮ್ಮೆ ಕಲಿತ ವೇದಿಕೆಯನ್ನು ಬಿಟ್ಟು ಬೇರೊಂದಕ್ಕೆ ಹೋಗುವುದು ಶ್ರಮದ ಕೆಲಸವಾದ್ದರಿಂದ ಆ ಮೊದಲ ಆಯ್ಕೆ ಅನೇಕ ವರ್ಷ ಉಳಿದುಬಿಡುತ್ತದೆ. ಈ ಕಾರಣದಿಂದ ಪರವಾನಗಿಯ ಹಣ ಎಷ್ಟು ಎಂಬುದಷ್ಟೇ ಅಲ್ಲದೆ, ಅದನ್ನು ಯಾವ ಹಂತದಲ್ಲಿ ಕೇಳಲಾಗುತ್ತದೆ ಎಂಬುದೂ ವೇದಿಕೆಗಳ ಏಳುಬೀಳುಗಳಲ್ಲಿ ದೊಡ್ಡ ಪಾತ್ರ ವಹಿಸಿದೆ.

ವೆಚ್ಚದ ಬಗೆಗಳು

ಹಣವನ್ನು ಕೇಳುವ ಹಂತವನ್ನು ಆಧರಿಸಿ ಪರವಾನಗಿಯ ವೆಚ್ಚವನ್ನು ಹೀಗೆ ವಿಂಗಡಿಸಬಹುದು:

• ಪ್ರವೇಶದ ಬೆಲೆ: ಕಂಪೈಲರ್ ಅಥವಾ ಅಭಿವೃದ್ಧಿ ಉಪಕರಣವನ್ನು ಪಡೆಯುವಾಗಲೇ ಕೊಡಬೇಕಾದ ಹಣ.
• ಚಂದಾ: ಉಪಕರಣವನ್ನು ಬಳಸುವಷ್ಟು ಕಾಲ ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಕಟ್ಟಬೇಕಾದ ಹಣ.
• ಪ್ರಕಟಣೆಯ ಶುಲ್ಕ: ಸಿದ್ಧವಾದ ತಂತ್ರಾಂಶವನ್ನು ಮಳಿಗೆಯೊಂದರಲ್ಲಿ ಇರಿಸಲು ಕೊಡುವ ನೋಂದಣಿ ಹಣ.
• ರಾಯಲ್ಟಿ: ತಂತ್ರಾಂಶದಿಂದ ಬಂದ ಆದಾಯದಲ್ಲಿ ವೇದಿಕೆಯ ಒಡೆಯರಿಗೆ ಸಲ್ಲುವ ಪಾಲು.
• ನಡೆಸುವ ವೆಚ್ಚ: ರಚಿಸಿದ ತಂತ್ರಾಂಶ ಕೆಲಸಮಾಡಲು ಬೇಕಾದ ಸರ್ವರ್ ವ್ಯವಸ್ಥೆ, ದತ್ತಸಂಚಯ ಮೊದಲಾದವುಗಳ ಪರವಾನಗಿ.

ಇವುಗಳಲ್ಲಿ ಮೊದಲನೆಯದು ಕಲಿಯುವವರನ್ನು ನೇರವಾಗಿ ತಡೆಯುತ್ತದೆ. ಉಳಿದವು ಕೆಲಸ ಮುಂದುವರಿದ ಮೇಲೆ, ಕೆಲವೊಮ್ಮೆ ಹಣ ಗಳಿಸತೊಡಗಿದ ಮೇಲೆ, ಎದುರಾಗುತ್ತವೆ.

‘ಉಚಿತ’ ಮತ್ತು ‘ಮುಕ್ತ’ ಎಂಬ ಪದಗಳ ವ್ಯತ್ಯಾಸವನ್ನೂ ಇಲ್ಲಿ ಗಮನಿಸಬೇಕು. ಇಂಗ್ಲಿಷಿನಲ್ಲಿ ಎರಡೂ ಅರ್ಥಗಳಿಗೆ ಒಂದೇ ಪದ ಬಳಕೆಯಲ್ಲಿರುವುದರಿಂದ ಗೊಂದಲ ಉಂಟಾಗುತ್ತದೆ. ಕನ್ನಡದಲ್ಲಿ ಅವು ಬೇರೆ ಬೇರೆ ಪದಗಳು. ಉಚಿತ ತಂತ್ರಾಂಶಕ್ಕೆ ಬೆಲೆಯಿಲ್ಲ, ಆದರೆ ಅದರ ನಿಯಮಗಳನ್ನು ಮುಂದಿನ ಆವೃತ್ತಿಯಲ್ಲಿ ಬದಲಿಸುವ ಅಧಿಕಾರ ಒಡೆಯರ ಕೈಯಲ್ಲಿ ಉಳಿದಿರುತ್ತದೆ. ಮುಕ್ತ ತಂತ್ರಾಂಶದಲ್ಲಿ ಮೂಲ ಸಂಕೇತವನ್ನು ಓದುವ, ತಿದ್ದುವ ಮತ್ತು ಮರುಹಂಚುವ ಹಕ್ಕು ಬಳಕೆದಾರರಿಗೂ ದೊರೆಯುತ್ತದೆ. ಕಲಿಕೆಯ ಮೊದಲ ದಿನ ಎರಡೂ ಒಂದೇ ಆಗಿ ತೋರುತ್ತವೆ. ನಿಯಮಗಳು ಬದಲಾದಾಗ ಅವುಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ.

ಹೊಸಬರ ಮೇಲೆ ಪರಿಣಾಮ

ಒಂದೇ ಮೊತ್ತದ ಬೆಲೆ ಅನುಭವಿಗಳಿಗಿಂತ ಹೊಸಬರಿಗೆ ಹೆಚ್ಚು ಭಾರವಾಗಲು ಕೆಲವು ಕಾರಣಗಳಿವೆ. ಮೊದಲನೆಯದಾಗಿ, ಕಲಿಯುವವರಿಗೆ ಇನ್ನೂ ಆದಾಯವಿರುವುದಿಲ್ಲ. ಎರಡನೆಯದಾಗಿ, ಈ ವಿದ್ಯೆ ತಮಗೆ ಒಲಿಯುವುದೇ, ಇದರಲ್ಲಿ ಮುಂದುವರಿಯುತ್ತೇವೆಯೇ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಫಲ ತಿಳಿಯದ ಪ್ರಯತ್ನಕ್ಕೆ ಮುಂಗಡ ಹಣ ಹೂಡಲು ವಿದ್ಯಾರ್ಥಿಯೂ ಪೋಷಕರೂ ಹಿಂಜರಿಯುವುದು ಸಹಜ. ಮೂರನೆಯದಾಗಿ, ಉಪಕರಣಗಳ ಗುಣದೋಷಗಳನ್ನು ತೂಗಿನೋಡುವ ಜ್ಞಾನ ಹೊಸಬರಿಗೆ ಇರುವುದಿಲ್ಲ. ಹೀಗಾಗಿ ಅವರು ಹೋಲಿಸಬಲ್ಲ ಕೆಲವೇ ಸಂಗತಿಗಳಲ್ಲಿ ಬೆಲೆ ಒಂದಾಗುತ್ತದೆ.

ಬೆಲೆಯ ಪರೋಕ್ಷ ಪರಿಣಾಮವೂ ಇದೆ. ಸುಲಭವಾಗಿ ದೊರೆಯುವ ವೇದಿಕೆಯನ್ನು ಹೆಚ್ಚು ಜನ ಕಲಿಯುತ್ತಾರೆ. ಅದಕ್ಕೆ ಪುಸ್ತಕಗಳು, ಪಾಠಗಳು ಮತ್ತು ಸಿದ್ಧ ಉದಾಹರಣೆಗಳು ಹೆಚ್ಚುತ್ತವೆ. ಸಂದೇಹ ಬಂದಾಗ ಉತ್ತರಿಸುವವರೂ ಹೆಚ್ಚು ಸಿಗುತ್ತಾರೆ. ಇದರಿಂದ ನಂತರ ಬರುವವರಿಗೆ ಆ ವೇದಿಕೆ ಇನ್ನಷ್ಟು ಸುಲಭವಾಗುತ್ತದೆ. ದುಬಾರಿ ವೇದಿಕೆಯ ವಿಷಯದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಅದು ತಾಂತ್ರಿಕವಾಗಿ ಉತ್ತಮವಾಗಿದ್ದರೂ ಕಲಿಸುವವರ ಸಂಖ್ಯೆ ಕುಗ್ಗುತ್ತಾ ಹೋಗುತ್ತದೆ.

ಇತಿಹಾಸ

ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ

ಆರಂಭದ ದಶಕಗಳಲ್ಲಿ ತಂತ್ರಾಂಶವು ಗಣಕಯಂತ್ರದ ಜೊತೆಯಲ್ಲಿಯೇ ಬರುತ್ತಿದ್ದು, ಅದಕ್ಕೆ ಬೇರೆ ಬೆಲೆ ಇರಲಿಲ್ಲ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅವರು ಬೇಸಿಕ್ ಭಾಷೆಯನ್ನು ರೂಪಿಸಿದರು. ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಎಲ್ಲ ವಿಷಯಗಳ ವಿದ್ಯಾರ್ಥಿಗಳಿಗೂ ಗಣಕಯಂತ್ರವು ಗ್ರಂಥಾಲಯದ ಪುಸ್ತಕದಂತೆ ಕೈಗೆಟುಕಬೇಕೆಂಬುದು ಅವರ ಆಶಯವಾಗಿತ್ತು. 1969ರಲ್ಲಿ ಐಬಿಎಂ ಸಂಸ್ಥೆಯು ತನ್ನ ತಂತ್ರಾಂಶಗಳನ್ನು ಯಂತ್ರಗಳಿಂದ ಬೇರ್ಪಡಿಸಿ ಮಾರುವುದಾಗಿ ಪ್ರಕಟಿಸಿತು. ತಂತ್ರಾಂಶವು ಸ್ವತಂತ್ರವಾದ ಮಾರಾಟದ ಸರಕಾಗಲು ಇದು ಒಂದು ಮುಖ್ಯ ಕಾರಣವಾಯಿತು.

1975ರಲ್ಲಿ ಆಲ್ಟೇರ್ 8800 ಎಂಬ ಸಣ್ಣ ಗಣಕಯಂತ್ರಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಬೇಸಿಕ್ ಭಾಷೆಯ ಆವೃತ್ತಿಯೊಂದನ್ನು ಸಿದ್ಧಪಡಿಸಿದರು. ಹವ್ಯಾಸಿಗಳು ಅದರ ಕಾಗದದ ಪಟ್ಟಿಗಳನ್ನು ನಕಲು ಮಾಡಿ ತಮ್ಮತಮ್ಮಲ್ಲೇ ಹಂಚಿಕೊಂಡರು. 1976ರ ಫೆಬ್ರವರಿಯಲ್ಲಿ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ಹಣ ಕೊಡದೆ ನಕಲು ಮಾಡಿದರೆ ಉತ್ತಮ ತಂತ್ರಾಂಶವನ್ನು ಬರೆಯುವವರು ಉಳಿಯುವುದಿಲ್ಲವೆಂದು ವಾದಿಸಿದರು. ಅದೇ ಕಾಲದಲ್ಲಿ ಡೆನಿಸ್ ಆಲಿಸನ್ ಮೊದಲಾದವರು ‘ಟೈನಿ ಬೇಸಿಕ್’ ಎಂಬ ಕಿರಿದಾದ ಭಾಷೆಯ ವಿನ್ಯಾಸವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ, ಯಾರು ಬೇಕಾದರೂ ಅದನ್ನು ರಚಿಸಿಕೊಳ್ಳಲು ಅವಕಾಶ ನೀಡಿದರು. ಬರೆದವರಿಗೆ ಪ್ರತಿಫಲ ಬೇಕು, ಕಲಿಯುವವರಿಗೆ ಅಡ್ಡಿಯಿಲ್ಲದ ಪ್ರವೇಶ ಬೇಕು ಎಂಬ ಎರಡು ನ್ಯಾಯಗಳ ನಡುವಿನ ಘರ್ಷಣೆ ಅಂದಿನಿಂದ ಮುಂದುವರಿದಿದೆ.

ಟರ್ಬೊ ಪಾಸ್ಕಲ್

1980ರ ದಶಕದ ಆರಂಭದಲ್ಲಿ ಸಣ್ಣ ಗಣಕಯಂತ್ರಗಳಿಗೆ ದೊರೆಯುತ್ತಿದ್ದ ಅನೇಕ ಕಂಪೈಲರ್‌ಗಳ ಬೆಲೆ ನೂರಾರು ಡಾಲರ್‌ಗಳಷ್ಟಿತ್ತು. 1983ರಲ್ಲಿ ಬೊರ್ಲ್ಯಾಂಡ್ ಸಂಸ್ಥೆಯು ಟರ್ಬೊ ಪಾಸ್ಕಲ್ ಅನ್ನು 49.95 ಡಾಲರ್‌ಗೆ ಮಾರುಕಟ್ಟೆಗೆ ತಂದಿತು. ಅದರ ಕಂಪೈಲರನ್ನು ಬರೆದವರು ಆಂಡರ್ಸ್ ಹೈಲ್ಸ್‌ಬರ್ಗ್. ಬರೆಯುವ ಉಪಕರಣ ಮತ್ತು ಕಂಪೈಲರ್ ಎರಡೂ ಒಂದೇ ಕಡೆ ಇದ್ದುದರಿಂದ ಅದು ವೇಗವಾಗಿಯೂ ಇತ್ತು. ಬೊರ್ಲ್ಯಾಂಡ್‌ನ ಪರವಾನಗಿ ಪತ್ರವು ತಂತ್ರಾಂಶವನ್ನು ಪುಸ್ತಕಕ್ಕೆ ಹೋಲಿಸಿತ್ತು: ಒಂದೇ ಪ್ರತಿಯನ್ನು ಹಲವರು ಬಳಸಬಹುದು, ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯಬಹುದು, ಆದರೆ ಒಂದೇ ವೇಳೆಯಲ್ಲಿ ಇಬ್ಬರು ಬಳಸುವಂತಿಲ್ಲ. ಈ ಬೆಲೆ ಮತ್ತು ಸರಳ ನಿಯಮಗಳಿಂದ ಟರ್ಬೊ ಪಾಸ್ಕಲ್ ವಿದ್ಯಾರ್ಥಿಗಳನ್ನೂ ಹವ್ಯಾಸಿಗಳನ್ನೂ ಬೇಗನೆ ಆಕರ್ಷಿಸಿತು.

ಯುನಿಕ್ಸ್‌ನಿಂದ ಲಿನಕ್ಸ್‌ಗೆ

ಎಟಿ ಆಂಡ್ ಟಿ ಸಂಸ್ಥೆಯು ತನ್ನ ಯುನಿಕ್ಸ್ ವ್ಯವಸ್ಥೆಯನ್ನು 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಮೂಲ ಸಂಕೇತದ ಸಮೇತ ನೀಡುತ್ತಿತ್ತು. ಆಸ್ಟ್ರೇಲಿಯದ ಪ್ರಾಧ್ಯಾಪಕ ಜಾನ್ ಲಯನ್ಸ್ ಅದರ ಆರನೆಯ ಆವೃತ್ತಿಗೆ ಸಾಲುಸಾಲಾಗಿ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1979ರಲ್ಲಿ ಬಂದ ಏಳನೆಯ ಆವೃತ್ತಿಯ ಪರವಾನಗಿಯು ಮೂಲ ಸಂಕೇತವನ್ನು ತರಗತಿಯಲ್ಲಿ ಬೋಧಿಸುವುದನ್ನು ನಿಷೇಧಿಸಿತು. ಲಯನ್ಸ್ ಅವರ ವ್ಯಾಖ್ಯಾನವು 1996ರವರೆಗೆ ಬಹುಮಟ್ಟಿಗೆ ನೆರಳಚ್ಚು ಪ್ರತಿಗಳ ಮೂಲಕವೇ ಓದುಗರನ್ನು ತಲುಪುತ್ತಿತ್ತು.

ಪಾಠಕ್ಕೆ ಬೇಕಾದ ವ್ಯವಸ್ಥೆಯೇ ಇಲ್ಲವಾದಾಗ ಆಮ್‌ಸ್ಟರ್‌ಡ್ಯಾಮ್‌ನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಅವರು ಮಿನಿಕ್ಸ್ ಎಂಬ ಸಣ್ಣ ವ್ಯವಸ್ಥೆಯನ್ನು ಸ್ವತಃ ಬರೆದು 1987ರಲ್ಲಿ ತಮ್ಮ ಪಠ್ಯಪುಸ್ತಕದೊಂದಿಗೆ ಪ್ರಕಟಿಸಿದರು. ಅದರ ಬೆಲೆ ಯುನಿಕ್ಸ್‌ಗೆ ಹೋಲಿಸಿದರೆ ಅಲ್ಪವಾಗಿತ್ತು. ಆದರೆ ತಿದ್ದಿದ ಆವೃತ್ತಿಯನ್ನು ಸ್ವತಂತ್ರವಾಗಿ ಹಂಚಲು ಅನುಮತಿ ಇರಲಿಲ್ಲ. ಮಿನಿಕ್ಸ್ ಬಳಸುತ್ತಿದ್ದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್‌ನ ಮೊದಲ ಆವೃತ್ತಿಯನ್ನು ಪ್ರಕಟಿಸಿದರು. ಅದರ ಮೊದಲ ಪರವಾನಗಿಯಲ್ಲಿ ಹಣ ಪಡೆದು ಹಂಚುವುದಕ್ಕೆ ತಡೆ ಇತ್ತು. 1992ರಲ್ಲಿ ಅವರು ಗ್ನೂ ಸಾರ್ವಜನಿಕ ಪರವಾನಗಿಯನ್ನು ಸ್ವೀಕರಿಸಿದರು. ಮಿನಿಕ್ಸ್ ಕೂಡ 2000ನೇ ಇಸವಿಯಲ್ಲಿ ಮುಕ್ತ ಪರವಾನಗಿಗೆ ಬದಲಾಯಿತು. ಅಷ್ಟರಲ್ಲಿ ಲಿನಕ್ಸ್ ಜಗತ್ತಿನಾದ್ಯಂತ ಹರಡಿಯಾಗಿತ್ತು.

ಲಿನಕ್ಸ್‌ನ ರಚನೆಗೆ ಬೇಕಾದ ಕಂಪೈಲರ್ ಕೂಡ ಮುಕ್ತವಾಗಿಯೇ ದೊರಕಿತ್ತು. ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಭಾಗವಾಗಿ ಜಿಸಿಸಿ ಎಂಬ ಸಿ ಭಾಷೆಯ ಕಂಪೈಲರ್ 1987ರಲ್ಲಿ ಹೊರಬಂದಿತ್ತು. ಒಬ್ಬ ವಿದ್ಯಾರ್ಥಿ ತನ್ನ ಕೊಠಡಿಯಲ್ಲಿ ಕುಳಿತು ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಆರಂಭಿಸಲು ಇಂತಹ ಉಪಕರಣಗಳ ಲಭ್ಯತೆ ನೆರವಾಯಿತು.

ಕ್ಯೂಟಿ ಮತ್ತು ಗ್ನೋಮ್

ಪರವಾನಗಿಯೊಂದರ ಮೇಲಿನ ಅಸಮಾಧಾನದಿಂದ ಹೊಸ ವೇದಿಕೆಯೇ ಹುಟ್ಟಿದ್ದಕ್ಕೆ ಇದು ಉದಾಹರಣೆ. 1996ರಲ್ಲಿ ಆರಂಭವಾದ ಕೆಡಿಇ ಎಂಬ ಲಿನಕ್ಸ್ ಕಾರ್ಯಾವರಣವು ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆಯ ಕ್ಯೂಟಿ ಲೈಬ್ರರಿಯನ್ನು ಆಧರಿಸಿತ್ತು. ಕ್ಯೂಟಿ ಆಗ ಮುಕ್ತ ತಂತ್ರಾಂಶವಾಗಿರಲಿಲ್ಲ. ಅದನ್ನು ಬಳಸಿ ಮಾರಾಟದ ತಂತ್ರಾಂಶ ರಚಿಸುವವರು ಪರವಾನಗಿಯನ್ನು ಕೊಳ್ಳಬೇಕಿತ್ತು. ಇದನ್ನು ಒಪ್ಪದವರು 1997ರಲ್ಲಿ ಗ್ನೋಮ್ ಯೋಜನೆಯನ್ನು ಆರಂಭಿಸಿ, ಜಿಟಿಕೆ ಎಂಬ ಮುಕ್ತ ಲೈಬ್ರರಿಯನ್ನು ಆರಿಸಿಕೊಂಡರು. ಕ್ಯೂಟಿಯ ನಿಯಮಗಳು ಕ್ರಮೇಣ ಸಡಿಲಗೊಂಡು, 2000ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿಯಲ್ಲಿಯೂ, ನೋಕಿಯಾ ಸಂಸ್ಥೆಯ ಒಡೆತನದಲ್ಲಿದ್ದಾಗ 2009ರಲ್ಲಿ ಇನ್ನೂ ಉದಾರವಾದ ಎಲ್‌ಜಿಪಿಎಲ್ ಪರವಾನಗಿಯಲ್ಲಿಯೂ ಅದು ದೊರೆಯುವಂತಾಯಿತು. ಆದರೆ ಬೇರ್ಪಟ್ಟ ಎರಡು ಬಳಗಗಳು ಮತ್ತೆ ಒಂದಾಗಲಿಲ್ಲ.

ಜಾಲತಾಣಗಳ ಕಾಲ

1990ರ ದಶಕದ ಕೊನೆಯಲ್ಲಿ ಜಾಲತಾಣ ನಿರ್ಮಿಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್ ಮತ್ತು ಅದರ ದತ್ತಸಂಚಯಕ್ಕೆ ಪರವಾನಗಿ ಶುಲ್ಕವಿತ್ತು. ಲಿನಕ್ಸ್, ಅಪಾಚೆ, ಮೈಎಸ್‌ಕ್ಯೂಎಲ್ ಮತ್ತು ಪಿಎಚ್‌ಪಿ ಇವುಗಳ ಜೋಡಣೆಗೆ ಅಂತಹ ಶುಲ್ಕವಿರಲಿಲ್ಲ. ಈ ನಾಲ್ಕರ ಮೊದಲ ಅಕ್ಷರಗಳಿಂದ ‘ಲ್ಯಾಂಪ್’ ಎಂಬ ಹೆಸರು ರೂಢಿಗೆ ಬಂದಿತು. ಲ್ಯಾಂಪ್ ಜೋಡಣೆಗೆ ಪ್ರತಿ ಸರ್ವರ್‌ಗೂ ಪರವಾನಗಿ ಕೊಳ್ಳಬೇಕಾಗಿರಲಿಲ್ಲವಾದ್ದರಿಂದ ಕಡಿಮೆ ದರದ ಆತಿಥ್ಯ ಸೇವೆ ನೀಡುವವರೂ ಅದನ್ನೇ ನೆಚ್ಚಿಕೊಂಡರು. 2003ರಲ್ಲಿ ಬಂದ ವರ್ಡ್‌ಪ್ರೆಸ್, 2004ರಲ್ಲಿ ವಿದ್ಯಾರ್ಥಿ ನಿಲಯದಲ್ಲಿ ಆರಂಭವಾದ ಫೇಸ್‌ಬುಕ್ ಎರಡೂ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಬಳಸಿ ರೂಪುಗೊಂಡವು.

ಉಪಕರಣ ತಯಾರಕರ ಪ್ರತಿಕ್ರಿಯೆ

ಹೊಸಬರು ಉಚಿತ ವೇದಿಕೆಗಳತ್ತ ಹೋಗುತ್ತಿರುವುದನ್ನು ಕಂಡ ಕಂಪನಿಗಳು ಪ್ರವೇಶದ ಬೆಲೆಯನ್ನು ತೆಗೆದುಹಾಕತೊಡಗಿದವು. ಮೈಕ್ರೋಸಾಫ್ಟ್ 2005ರಲ್ಲಿ ವಿಷುಯಲ್ ಸ್ಟುಡಿಯೋದ ಎಕ್ಸ್‌ಪ್ರೆಸ್ ಆವೃತ್ತಿಗಳನ್ನು ಬಿಡುಗಡೆ ಮಾಡಿ, 2006ರಲ್ಲಿ ಅವುಗಳನ್ನು ಶಾಶ್ವತವಾಗಿ ಉಚಿತಗೊಳಿಸಿತು. 2008ರಲ್ಲಿ ‘ಡ್ರೀಮ್‌ಸ್ಪಾರ್ಕ್’ ಯೋಜನೆಯ ಮೂಲಕ ತನ್ನ ವೃತ್ತಿಪರ ಉಪಕರಣಗಳನ್ನು ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ನೀಡಿತು. 2014ರ ನವೆಂಬರ್‌ನಲ್ಲಿ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಆವೃತ್ತಿ ಬಂದಿತು. ಒಬ್ಬರೇ ಕೆಲಸ ಮಾಡುವವರು, ವಿದ್ಯಾರ್ಥಿಗಳು ಮತ್ತು ಸಣ್ಣ ತಂಡಗಳಿಗೆ ಇದು ಉಚಿತ. ದೊಡ್ಡ ಸಂಸ್ಥೆಗಳು ತಮ್ಮ ಸಾಮಾನ್ಯ ಕೆಲಸಕ್ಕೆ ಹಣ ಕೊಟ್ಟು ಬೇರೆ ಆವೃತ್ತಿಯನ್ನು ಕೊಳ್ಳಬೇಕು. ಅದೇ ತಿಂಗಳು ಡಾಟ್‌ನೆಟ್ ಕೋರ್‌ನ ಮೂಲ ಸಂಕೇತವನ್ನು ಮುಕ್ತವಾಗಿ ಪ್ರಕಟಿಸುವುದಾಗಿ ಸಂಸ್ಥೆ ತಿಳಿಸಿತು.

ಟರ್ಬೊ ಪಾಸ್ಕಲ್‌ನ ಉತ್ತರಾಧಿಕಾರಿಯಾದ ಡೆಲ್ಫಿ ಉಪಕರಣದ ಕಥೆ ಸ್ವಲ್ಪ ಭಿನ್ನ. ಕಡಿಮೆ ಬೆಲೆಯಿಂದ ಹೆಸರು ಮಾಡಿದ ಪರಂಪರೆಗೆ ಸೇರಿದ ಇದು ಕಾಲಕ್ರಮದಲ್ಲಿ ವೃತ್ತಿಪರರ ದುಬಾರಿ ಉಪಕರಣವಾಯಿತು. 2018ರಲ್ಲಿ ಇದರ ಉಚಿತ ಕಮ್ಯುನಿಟಿ ಆವೃತ್ತಿ ಬಂದಿತು. ಆದರೆ ವಾರ್ಷಿಕ ಆದಾಯ 5,000 ಡಾಲರ್ ಮೀರದವರಿಗೆ ಮಾತ್ರ ಅದನ್ನು ಬಳಸಲು ಅವಕಾಶವಿತ್ತು. ಅಷ್ಟರಲ್ಲಿ ಹೊಸ ಪೀಳಿಗೆಯ ಬಹುಪಾಲು ಕಲಿಯುವವರು ಬೇರೆ ಭಾಷೆಗಳಲ್ಲಿ ನೆಲೆಗೊಂಡಿದ್ದರು.

ಮೊಬೈಲ್ ವೇದಿಕೆಗಳು

ಮೊಬೈಲ್ ಆ್ಯಪ್‌ಗಳ ಕ್ಷೇತ್ರದಲ್ಲಿ ಅಭಿವೃದ್ಧಿ ಉಪಕರಣಗಳಿಗೆ ಬೆಲೆಯಿಲ್ಲ. ವೆಚ್ಚವು ಪ್ರಕಟಣೆಯ ಹಂತಕ್ಕೆ ಸರಿದಿದೆ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಗೂಗಲ್ ಪ್ಲೇ ಮಳಿಗೆಯಲ್ಲಿ ಪ್ರಕಟಿಸಲು ಒಮ್ಮೆ ಮಾತ್ರ 25 ಡಾಲರ್ ನೋಂದಣಿ ಶುಲ್ಕ ಕೊಡಬೇಕು. ಆಪಲ್‌ನ ಮಳಿಗೆಗೆ ಪ್ರತಿವರ್ಷ 99 ಡಾಲರ್ ಕಟ್ಟಬೇಕು. ಆಪಲ್‌ನ ಎಕ್ಸ್‌ಕೋಡ್ ಉಪಕರಣ ಉಚಿತವಾಗಿದ್ದರೂ ಅದು ಮ್ಯಾಕ್ ಗಣಕಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆಂಡ್ರಾಯ್ಡ್ ಉಪಕರಣಗಳು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತವೆ. ಹೀಗೆ ಪರವಾನಗಿಯಲ್ಲಿ ಕಾಣದ ಖರ್ಚು ಯಂತ್ರಾಂಶದ ರೂಪದಲ್ಲಿ ಎದುರಾಗಬಹುದು. ಮನೆಯಲ್ಲಿ ಈಗಾಗಲೇ ಇರುವ ಸಾಧಾರಣ ಗಣಕಯಂತ್ರದಿಂದಲೇ ಆರಂಭಿಸಬೇಕಾದ ವಿದ್ಯಾರ್ಥಿಗೆ 99 ಡಾಲರ್‌ಗಿಂತ ಮ್ಯಾಕ್‌ನ ಬೆಲೆಯೇ ದೊಡ್ಡ ತಡೆಯಾಗುತ್ತದೆ.

ನಿಯಮಗಳು ಬದಲಾದಾಗ

ಆರಂಭದಲ್ಲಿ ಉಚಿತವಾಗಿ ದೊರೆತ ವೇದಿಕೆಯ ನಿಯಮಗಳು ಮುಂದೆ ಬದಲಾಗಬಹುದು. ಜಾವಾ ಭಾಷೆಯು 1995ರಿಂದ ಉಚಿತವಾಗಿ ದೊರೆತು ಕಾಲೇಜುಗಳಲ್ಲಿಯೂ ಉದ್ಯಮದಲ್ಲಿಯೂ ಹರಡಿತು. 2010ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯನ್ನು ಕೊಂಡ ಒರಾಕಲ್, 2019ರಿಂದ ತನ್ನ ಜಾವಾ 8ರ ಹೊಸ ಪರಿಷ್ಕರಣೆಗಳನ್ನು ವ್ಯಾಪಾರದ ಉದ್ದೇಶಕ್ಕೆ ಬಳಸುವವರು ಚಂದಾ ಕೊಡಬೇಕೆಂದಿತು. 2023ರಲ್ಲಿ ಜಾರಿಗೆ ಬಂದ ಪದ್ಧತಿಯಲ್ಲಿ, ಜಾವಾ ಬಳಸದ ನೌಕರರನ್ನೂ ಸೇರಿಸಿ ಸಂಸ್ಥೆಯ ಎಲ್ಲ ನೌಕರರ ಸಂಖ್ಯೆಯ ಮೇಲೆ ಚಂದಾ ನಿಗದಿಯಾಗುತ್ತದೆ. ಇಷ್ಟಾದರೂ ಜಾವಾ ಕಲಿಯುವವರಿಗೆ ತೊಂದರೆಯಾಗಲಿಲ್ಲ. ಜಾವಾದ ಬಹುಪಾಲು ಮೂಲ ಸಂಕೇತವು 2006–07ರಲ್ಲಿಯೇ ಓಪನ್‌ಜೆಡಿಕೆ ಎಂಬ ಹೆಸರಿನಲ್ಲಿ ಮುಕ್ತವಾಗಿದ್ದುದರಿಂದ, ಬೇರೆ ಸಂಸ್ಥೆಗಳು ಸಿದ್ಧಪಡಿಸಿದ ಶುಲ್ಕವಿಲ್ಲದ ಆವೃತ್ತಿಗಳು ದೊರೆಯುತ್ತವೆ.

ಆಟಗಳನ್ನು ರಚಿಸುವ ಯೂನಿಟಿ ವೇದಿಕೆಯ ಸ್ಥಿತಿ ಹಾಗಿರಲಿಲ್ಲ. 2009ರಿಂದ ಉಚಿತ ಆವೃತ್ತಿಯನ್ನು ನೀಡಿ ಹೊಸ ಆಟಗಾರಿಕೆ ತಂತ್ರಜ್ಞರ ಮೆಚ್ಚಿನ ವೇದಿಕೆಯಾಗಿದ್ದ ಯೂನಿಟಿ, 2023ರ ಸೆಪ್ಟೆಂಬರ್‌ನಲ್ಲಿ ನಿಗದಿತ ಆದಾಯ ಮತ್ತು ಸಂಖ್ಯೆಯನ್ನು ಮೀರಿದ ಆಟಗಳ ಪ್ರತಿ ಅನುಸ್ಥಾಪನೆಗೂ ಶುಲ್ಕ ವಿಧಿಸುವುದಾಗಿ ಪ್ರಕಟಿಸಿತು. ಈ ಮೊದಲೇ ಬಿಡುಗಡೆಯಾಗಿದ್ದ ಆಟಗಳಿಗೂ ಅದು ಅನ್ವಯಿಸುವಂತಿದ್ದುದರಿಂದ ತೀವ್ರ ವಿರೋಧ ಎದುರಾಯಿತು. ಕೆಲವೇ ದಿನಗಳಲ್ಲಿ ನಿಯಮಗಳನ್ನು ಸಡಿಲಿಸಿದ ಸಂಸ್ಥೆಯು 2024ರ ಸೆಪ್ಟೆಂಬರ್‌ನಲ್ಲಿ ಆ ಶುಲ್ಕವನ್ನು ಪೂರ್ತಿಯಾಗಿ ಕೈಬಿಟ್ಟಿತು. ಯೂನಿಟಿಯ ಮೂಲ ಸಂಕೇತ ಮುಕ್ತವಾಗಿರದಿದ್ದುದರಿಂದ ಬಳಕೆದಾರರ ಮುಂದೆ ಹೊಸ ನಿಯಮವನ್ನು ಒಪ್ಪುವುದು ಅಥವಾ ವೇದಿಕೆಯನ್ನೇ ಬಿಡುವುದು ಎಂಬ ದಾರಿಗಳು ಮಾತ್ರ ಇದ್ದವು. ಈ ಅವಧಿಯಲ್ಲಿ ಗೊಡೋ ಎಂಬ ಮುಕ್ತ ವೇದಿಕೆಯತ್ತ ಅನೇಕರ ಗಮನ ಹರಿಯಿತು.

ಭಾರತದಲ್ಲಿ

ಡಾಲರ್‌ನಲ್ಲಿ ನಿಗದಿಯಾದ ಬೆಲೆಯು ಭಾರತದ ವಿದ್ಯಾರ್ಥಿಗೆ ಅಮೆರಿಕದ ವಿದ್ಯಾರ್ಥಿಗಿಂತ ಹೆಚ್ಚು ಭಾರವಾಗುತ್ತದೆ. ವಿದೇಶಿ ಕರೆನ್ಸಿಯಲ್ಲಿ ಪಾವತಿಸಬಲ್ಲ ಕಾರ್ಡ್ ಇಲ್ಲದಿರುವುದೂ ಒಂದು ಅಡಚಣೆ. ಬಹುಕಾಲ ಈ ಭಾರವನ್ನು ಪರವಾನಗಿಯಿಲ್ಲದ ನಕಲು ಪ್ರತಿಗಳು ಮರೆಮಾಚಿದ್ದವು. ಅವುಗಳ ಬಳಕೆ ಕಾನೂನುಬಾಹಿರ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಸೇರಿಸಲಾದ 63ಬಿ ಪ್ರಕರಣದಂತೆ, ತಿಳಿದೂ ಇಂತಹ ಪ್ರತಿಯನ್ನು ಬಳಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಎರಡು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ನಕಲು ಪ್ರತಿ ಸುಲಭವಾಗಿ ಸಿಗುವ ಕಡೆ ದುಬಾರಿ ವೇದಿಕೆಯೂ ಉಚಿತವೆಂಬಂತೆ ತೋರಿ, ಕಲಿಯುವವರು ಮುಕ್ತ ವೇದಿಕೆಗಳನ್ನು ಹುಡುಕುವ ಅಗತ್ಯ ಕಾಣುವುದಿಲ್ಲ.

ಮೊದಲ ಆಯ್ಕೆ ಎಷ್ಟು ಗಟ್ಟಿಯಾಗಿ ನೆಲೆಯೂರುತ್ತದೆ ಎಂಬುದಕ್ಕೆ ಟರ್ಬೊ ಸಿ++ ಉದಾಹರಣೆಯಾಗಿದೆ. 1990ರ ದಶಕದ ಆರಂಭದ ಈ ಉಪಕರಣವನ್ನು ಭಾರತದ ಅನೇಕ ಶಾಲಾ ಕಾಲೇಜುಗಳು 2010ರ ನಂತರವೂ ಬಳಸಿದವು. ಸಿ++ ಭಾಷೆಗೆ 1998ರಲ್ಲಿ ಅಂತರರಾಷ್ಟ್ರೀಯ ಮಾನಕ ರೂಪುಗೊಳ್ಳುವ ಮೊದಲೇ ಬಂದ ಉಪಕರಣ ಇದಾದ್ದರಿಂದ, ಇದರಲ್ಲಿ ಕಲಿತ ವಿದ್ಯಾರ್ಥಿಗಳು ಉದ್ಯೋಗಕ್ಕೆ ಹೋದಾಗ ಕೆಲವು ಅಭ್ಯಾಸಗಳನ್ನು ಬಿಟ್ಟು ಹೊಸದಾಗಿ ಕಲಿಯಬೇಕಾಗುತ್ತಿತ್ತು. 64 ಬಿಟ್‌ನ ವಿಂಡೋಸ್‌ನಲ್ಲಿ ಇದು ನೇರವಾಗಿ ನಡೆಯದಿದ್ದರೂ, ಹಳೆಯ ವ್ಯವಸ್ಥೆಯನ್ನು ಅನುಕರಿಸುವ ಡಾಸ್‌ಬಾಕ್ಸ್ ತಂತ್ರಾಂಶದೊಳಗೆ ಇದನ್ನು ಬಳಸುವುದು ಮುಂದುವರಿಯಿತು. ಆ ವೇಳೆಗೆ ಜಿಸಿಸಿ ಆಧಾರಿತ ಉಪಕರಣಗಳು ಶುಲ್ಕವಿಲ್ಲದೆ ದೊರೆಯುತ್ತಿದ್ದವು. ಆದರೆ ಪಠ್ಯಪುಸ್ತಕ, ಪ್ರಯೋಗದ ದಾಖಲೆ ಪುಸ್ತಕ ಮತ್ತು ಶಿಕ್ಷಕರ ರೂಢಿ ಮೂರೂ ಹಳೆಯ ಉಪಕರಣವನ್ನು ಆಧರಿಸಿದ್ದವು. ಸಿಬಿಎಸ್‌ಇ ಪಠ್ಯಕ್ರಮವು ಈಗ ಮುಕ್ತ ಭಾಷೆಯಾದ ಪೈಥಾನ್ ಅನ್ನು ಬೋಧಿಸುತ್ತದೆ.

ಸಂಸ್ಥೆಗಳ ಮಟ್ಟದಲ್ಲಿಯೂ ಪ್ರಯತ್ನಗಳು ನಡೆದಿವೆ. ಕೇರಳದ ಶಾಲೆಗಳು ‘ಐಟಿ ಅಟ್ ಸ್ಕೂಲ್’ ಯೋಜನೆಯಡಿ ಗ್ನೂ ಲಿನಕ್ಸ್ ವ್ಯವಸ್ಥೆಗೆ ಬದಲಾದವು. ಮುಂಬಯಿಯ ಐಐಟಿಯ ‘ಫಾಸ್ಸೀ’ ಯೋಜನೆಯು ದುಬಾರಿ ತಂತ್ರಾಂಶಗಳಿಗೆ ಬದಲಾಗಿ ಸೈಲ್ಯಾಬ್, ಪೈಥಾನ್ ಮೊದಲಾದ ಮುಕ್ತ ಉಪಕರಣಗಳನ್ನು ಕಾಲೇಜುಗಳಲ್ಲಿ ಪ್ರಚುರಪಡಿಸುತ್ತಿದೆ. ಅದೇ ಸಂಸ್ಥೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಲಭ್ಯವಿವೆ. ಭಾರತ ಸರ್ಕಾರವು 2015ರಲ್ಲಿ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು.

ಇತರ ಅಂಶಗಳು

ಪರವಾನಗಿ ವೆಚ್ಚವೊಂದೇ ವೇದಿಕೆಯ ಭವಿಷ್ಯವನ್ನು ನಿರ್ಧರಿಸುವುದಿಲ್ಲ. ಉದ್ಯೋಗಾವಕಾಶ, ಪಠ್ಯಕ್ರಮ, ಕಲಿಕೆಯ ಸುಲಭತೆ, ತಾಯ್ನುಡಿಯಲ್ಲಿ ದೊರೆಯುವ ಪಾಠಗಳು ಮತ್ತು ಕೈಯಲ್ಲಿರುವ ಯಂತ್ರದ ಸಾಮರ್ಥ್ಯ ಇವೂ ಮುಖ್ಯ. ಶುಲ್ಕವಿದ್ದರೂ ಆಪಲ್‌ನ ವೇದಿಕೆಗೆ ಆ್ಯಪ್ ರಚಿಸುವವರು ಹೇರಳವಾಗಿದ್ದಾರೆ, ಏಕೆಂದರೆ ಅಲ್ಲಿ ಹಣ ಕೊಡುವ ಗ್ರಾಹಕರಿದ್ದಾರೆ. ಶುಲ್ಕವಿಲ್ಲದ ಎಷ್ಟೋ ಭಾಷೆಗಳು ಹೆಚ್ಚಿನವರ ಗಮನಕ್ಕೇ ಬಂದಿಲ್ಲ. ಉಚಿತವಾದ ಉಪಕರಣವನ್ನು ಕಲಿಯಲು ವ್ಯಯವಾಗುವ ಸಮಯವೂ ಒಂದು ವೆಚ್ಚವೇ. ಮಾರ್ಗದರ್ಶನ ದೊರೆಯದಿದ್ದರೆ ಅದು ಹೆಚ್ಚಾಗುತ್ತದೆ.

ಇಂದು ಬಹುತೇಕ ಮುಖ್ಯ ಭಾಷೆಗಳ ಕಂಪೈಲರ್‌ಗಳು ಶುಲ್ಕವಿಲ್ಲದೆ ದೊರೆಯುತ್ತಿರುವುದರಿಂದ ಪ್ರವೇಶದ ಬೆಲೆಯ ಪ್ರಾಮುಖ್ಯ ತಗ್ಗಿದೆ. ಅದರ ಬದಲಿಗೆ ಪ್ರಕಟಣೆ, ಆದಾಯದ ಪಾಲು ಮತ್ತು ಮೋಡಗಣಕ ಸೇವೆಗಳ ಬಾಡಿಗೆಯ ರೂಪದಲ್ಲಿ ವೆಚ್ಚವು ನಂತರದ ಹಂತಗಳಿಗೆ ಸಾಗಿದೆ. ಆದ್ದರಿಂದ ವೇದಿಕೆಯನ್ನು ಆರಿಸುವಾಗ ಇಂದಿನ ಬೆಲೆಯ ಜೊತೆಗೆ, ರಚಿಸಿದ್ದನ್ನು ಹಂಚಲು ಏನು ಖರ್ಚಾಗುತ್ತದೆ, ಆದಾಯ ಬಂದಾಗ ಯಾವ ನಿಯಮ ಅನ್ವಯವಾಗುತ್ತದೆ ಮತ್ತು ನಿಯಮ ಬದಲಾದರೆ ಬೇರೆ ದಾರಿ ಇದೆಯೇ ಎಂಬ ಅಂಶಗಳನ್ನೂ ಪರಿಶೀಲಿಸಬೇಕಾಗುತ್ತದೆ.